ಬಸವಾಪಟ್ಟಣದ ಕೂಟದಿಂದ ನಮ್ಮೂರ ಗ್ರಾಮಸಭೆವರೆಗೆ

ಭಾಗ 1/10

"ನಿಮ್ಮೂರಿಗೆ ಮೊದಲು ಏನಾಗ್ಬೇಕು?"

ಈ ಒಂದು ಪ್ರಶ್ನೆನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ ಕೇಳಿ ನೋಡಿ. ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳೇ. ಆದ್ರೆ ಉತ್ತರ ಮಾತ್ರ ಒಂದೇ ಬರಲ್ಲ.

ಜಗಳೂರಲ್ಲಿ ಮೊದಲ ಮಾತೇ ನೀರು. ಮಳೆ ಕಮ್ಮಿ, ಬೋರು ಆಳ, ಸಿಕ್ಕ ನೀರಲ್ಲೂ ಎಷ್ಟೋ ಕಡೆ ಫ್ಲೋರೈಡ್. ಹೊನ್ನಾಳೀಲಿ ತುಂಗಭದ್ರೆ ಪಕ್ಕದಲ್ಲೇ ಹರೀತಾಳೆ. ಅಲ್ಲಿನ ಬಾಲರಾಜ್ ಘಾಟ್ ಕಡೆಯೋರಿಗೆ ಮಳೆಗಾಲ ಬಂದ್ರೆ ಹೊಳೆ ಮನೆ ಒಳಗೆ ಬರುತ್ತೋ ಏನೋ ಅನ್ನೋ ಚಿಂತೆ. ಚನ್ನಗಿರಿ ಕಡೆ ಹೋದ್ರೆ ಭದ್ರಾ ನಾಲೆ, ಸೂಳೆಕೆರೆ, ಅಡಿಕೆ ತೋಟ. ನ್ಯಾಮತಿ 2018ರಲ್ಲಷ್ಟೇ ತಾಲ್ಲೂಕಾಗಿದ್ದು. ಹೊಸ ತಾಲ್ಲೂಕು ಅಂದ್ಮೇಲೆ ಯಾವ ಆಫೀಸು ಬಂತು, ಯಾವುದು ಇನ್ನೂ ಬರ್ಬೇಕು ಅನ್ನೋದೇ ದೊಡ್ಡ ಮಾತು.

ನಾಲ್ಕು ಉತ್ತರವೂ ನಿಜ. ಆದ್ರೆ ಈ ಸರಣೀಲಿ ನಾನು ಹೇಳೋಕೆ ಹೊರಟಿರೋದು ಆ ಪ್ರಶ್ನೆಯ ಇತಿಹಾಸ. ನಮ್ಮ ಭಾಗದ ಜನರನ್ನ "ನಿಮ್ಮ ಕಷ್ಟ ಏನು?" ಅಂತ ಸರ್ಕಾರ ಯಾವಾಗಿಂದ ಕೇಳೋಕೆ ಶುರು ಮಾಡ್ತು? ಸುಮ್ಮನೆ ಕೇಳ್ತಾ, ಯಾರಾದ್ರೂ ಕೇಳೋ ಹಾಗೆ ಮಾಡಿದ್ರಾ?

ಸ್ವೈಪ್ ಮಾಡ್ತಾ ಹೋಗುವಾಗ ಮೂರು ವಿಷಯ ತಲೇಲಿ ಇಟ್ಕೊಳ್ಳಿ. ಒಂದು, ಮಾತಾಡೋಕೆ ಯಾರಿಗೆ ಅವಕಾಶ ಇತ್ತು? ಎರಡು, ಆಡಿದ ಮಾತನ್ನ ಯಾರಾದ್ರೂ ಬರ್ಕೊಂಡ್ರಾ? ಮೂರು, ಬರ್ಕೊಂಡೋರು ಉತ್ತರ ಕೊಡ್ಲೇಬೇಕು ಅಂತ ಇತ್ತಾ?

ಕತೆ ಶುರುವಾಗೋದು ಚನ್ನಗಿರಿ ತಾಲ್ಲೂಕಿನ ಒಂದು ಊರಿಂದ. ಬಸ್ಸಲ್ಲಿ ಹೋಗುವಾಗ ನಿಮ್ಮಲ್ಲಿ ಎಷ್ಟೋ ಜನ ಆ ಊರನ್ನ ದಾಟಿರ್ತೀರಿ.

ಭಾಗ 2/10

ಬಸವಾಪಟ್ಟಣ. ಇಸವಿ 1830, ಆಗಸ್ಟ್ ತಿಂಗಳು.

ಆಗ ನಮ್ಮ ಈ ಕಡೆ ಎಲ್ಲಾ ಮೈಸೂರು ಸಂಸ್ಥಾನ. ರಾಜ ಮುಮ್ಮಡಿ ಕೃಷ್ಣರಾಜ ಒಡೆಯರು. ಚನ್ನಗಿರಿ, ಹೊನ್ನಾಳಿ ಸೀಮೆ ನಗರದ ಫೌಜುದಾರಿಗೆ ಸೇರಿತ್ತು. ನಗರ ಅಂದ್ರೆ ಈಗಿನ ಹೊಸನಗರ ತಾಲ್ಲೂಕಿನ ಬಿದನೂರು ನಗರ.

ಕಂದಾಯ ವಸೂಲಿಗೆ ಆಗ 'ಶರ್ತು' ಅನ್ನೋ ಪದ್ಧತಿ ಇತ್ತು. ಅಮಲ್ದಾರ ಆದೋನು "ನನ್ನ ತಾಲ್ಲೂಕಿಂದ ಇಷ್ಟು ದುಡ್ಡು ಕೊಟ್ಟೇ ಕೊಡ್ತೀನಿ" ಅಂತ ಸರ್ಕಾರಕ್ಕೆ ಬರ್ಕೊಡ್ಬೇಕು. ಕಮ್ಮಿ ಬಿದ್ರೆ ಅವನ ತಲೆ ಮೇಲೆ. ಮಳೆ ಬರ್ಲಿ, ಬಿಡ್ಲಿ, ಬೆಳೆ ಆಗ್ಲಿ, ಹೋಗ್ಲಿ, ಅವನು ಹೇಳಿದ ಲೆಕ್ಕ ತುಂಬಿಸ್ಲೇಬೇಕು. ಹಾಗಾದ್ರೆ ಆ ಲೆಕ್ಕ ಯಾರ ಕಣಜದಿಂದ ತುಂಬುತ್ತೆ? ರೈತನ ಕಣಜದಿಂದ.

ಈಗ ರೈತ ಈ ಅಮಲ್ದಾರನ ಮೇಲೆ ದೂರು ಹೇಳ್ಬೇಕು ಅಂದ್ರೆ ಎಲ್ಲಿಗೆ ಹೋಗ್ಬೇಕು? ಮೇಲಿನ ಫೌಜುದಾರನ ಹತ್ರ. ಆ ಫೌಜುದಾರನಿಗೂ ಬೇಕಾಗಿದ್ದು ಅದೇ ದುಡ್ಡು. ದೂರು ಕೇಳೋನು, ದೂರಿಗೆ ಕಾರಣ ಆದೋನು ಒಂದೇ ಹಗ್ಗದ ಎರಡು ತುದಿ.

ಆಗ ರೈತರು ಮಾಡಿದ್ದು 'ಕೂಟ'. ಊರೂರಿನ ಗೌಡರು, ರೈತರು ಒಂದು ಕಡೆ ಸೇರೋದು, ಕಂದಾಯ ಕೊಡಲ್ಲ ಅಂತ ಪಟ್ಟು ಹಿಡಿಯೋದು. 1830ರ ಆಗಸ್ಟ್ 23ಕ್ಕೆ ಬಸವಾಪಟ್ಟಣದಲ್ಲಿ ಸೇರಿದ ಕೂಟನ ನಗರ ದಂಗೆಯ ಮೊದಲ ಹೆಜ್ಜೆ ಅಂತ ಇತಿಹಾಸಕಾರರು ಗುರುತಿಸ್ತಾರೆ.

ಯೋಚನೆ ಮಾಡಿ. ಫೋನಿಲ್ಲ, ಪತ್ರಿಕೆ ಇಲ್ಲ, ಓಟು ಇಲ್ಲ. "ನಮ್ಮ ಕೈಲಿ ಆಗಲ್ಲ" ಅಂತ ಹೇಳೋಕೆ ಇದ್ದ ಒಂದೇ ದಾರಿ ಮೈ ಕೈ ಸಮೇತ ಹೋಗಿ ಗುಂಪಲ್ಲಿ ನಿಲ್ಲೋದು. ಕೂಟದಲ್ಲಿ ಮಾತು ಇತ್ತು. ಬರ್ಕೊಳ್ಳೋರು ಇರ್ಲಿಲ್ಲ, ಉತ್ತರ ಕೊಡೋರಂತೂ ಇರ್ಲೇ ಇಲ್ಲ.

ಭಾಗ 3/10

ಉತ್ತರ ಬರದ ಕೂಟ ದಂಗೆ ಆಯ್ತು. ಬೂದಿ ಬಸವಪ್ಪ ಅನ್ನೋನು ತಾನೇ ನಗರದ ಅರಸ ಅಂತ ಹೇಳ್ಕೊಂಡ. ಹೊನ್ನಾಳಿ ಕಡೆಯೂ ಕಾದಾಟ ಆಯ್ತು. ರಾಜರ ಸೈನ್ಯ ಸಾಲದೆ ಬ್ರಿಟಿಷ್ ಸೈನ್ಯ ಬಂತು. ಜನ ಸತ್ರು, ಹಳ್ಳಿಗಳು ಹಾಳಾದ್ವು.

ಇದರ ಫಲ ಏನಾಯ್ತು ಗೊತ್ತಾ? 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇದನ್ನೇ ಕಾರಣ ಮಾಡ್ಕೊಂಡು ಮೈಸೂರಿನ ಆಡಳಿತನ ಬ್ರಿಟಿಷರ ಕೈಗೆ ತಗೊಂಡ. ಅದು ವಾಪಸ್ ಒಡೆಯರ ಮನೆತನಕ್ಕೆ ಬಂದಿದ್ದು 1881ರ ಮಾರ್ಚ್‌ನಲ್ಲಿ. ಅಂದ್ರೆ ಐವತ್ತು ವರ್ಷ. ಒಂದು ಸೀಮೆಯ ರೈತರ ದೂರಿಗೆ ಕಿವಿ ಕೊಡದೆ ಹೋಗಿದ್ದಕ್ಕೆ ಒಂದು ರಾಜ್ಯವೇ ಕೈ ತಪ್ಪಿತು ಅಂದ್ರೆ ತಪ್ಪಲ್ಲ. ಬ್ರಿಟಿಷರಿಗೆ ಅವರದ್ದೇ ಆಸೆ, ಲೆಕ್ಕಾಚಾರ ಇತ್ತು, ಅದು ಬೇರೆ ಮಾತು. ಆದ್ರೆ ಕದ ತೆರೆದುಕೊಟ್ಟಿದ್ದು ಈ ಕಿವುಡುತನ.

ಆಮೇಲೆ ಒಂದು ವಿಚಾರಣಾ ಸಮಿತಿ ಬಂತು. ಹಾಕರ್, ಮಾರಿಸನ್, ಮೆಕ್ಲಿಯೋಡ್, ಕಬ್ಬನ್ ಅನ್ನೋ ನಾಲ್ಕು ಜನ. ದಂಗೆ ಯಾಕಾಯ್ತು ಅಂತ ವಿಚಾರಿಸಿ 1833ರ ಡಿಸೆಂಬರ್‌ನಲ್ಲಿ ವರದಿ ಕೊಟ್ರು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದಿದ್ದು ಇದೇ ಕಬ್ಬನ್‌ನಿಂದ. ಅವರು 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ರು.

ಇಲ್ಲಿ ಗಮನಿಸ್ಬೇಕಾದ್ದು ಒಂದಿದೆ. ನಮ್ಮ ಸೀಮೆಯ ರೈತರ ಕಷ್ಟ ದೊಡ್ಡ ಸರ್ಕಾರಿ ವರದಿಯಾಗಿ ದಾಖಲಾಯ್ತು. ಎರಡನೇ ಪ್ರಶ್ನೆಗೆ, ಅಂದ್ರೆ 'ಬರ್ಕೊಂಡ್ರಾ?' ಅನ್ನೋದಕ್ಕೆ, ಹೌದು ಅನ್ನೋ ಉತ್ತರ ಸಿಕ್ತು. ಆದ್ರೆ ಅದು ಸಿಕ್ಕಿದ್ದು ರಕ್ತ ಹರಿದ ಮೇಲೆ. ಬರೆದಿದ್ದು ಇಂಗ್ಲಿಷಲ್ಲಿ, ಓದಿದ್ದು ಕಲ್ಕತ್ತಾದಲ್ಲಿ. ಬಸವಾಪಟ್ಟಣದ ರೈತ ತನ್ನ ಮಾತು ಅದರಲ್ಲಿ ಹೇಗೆ ಬಂದಿದೆ ಅಂತ ನೋಡೋ ಹಾಗಿರ್ಲಿಲ್ಲ.

ಭಾಗ 4/10

1881. ಚಾಮರಾಜ ಒಡೆಯರಿಗೆ ರಾಜ್ಯ ವಾಪಸ್ ಬಂತು. ದಿವಾನರು ಸಿ. ರಂಗಾಚಾರ್ಲು.

ಅದೇ ವರ್ಷ ಅಕ್ಟೋಬರ್ 7ಕ್ಕೆ, ದಸರಾ ಹೊತ್ತಿಗೆ, ಮೈಸೂರಲ್ಲಿ ಒಂದು ಸಭೆ ಸೇರ್ತು. ಹೆಸರು ಪ್ರಜಾಪ್ರತಿನಿಧಿ ಸಭೆ. 144 ಜನ ಸದಸ್ಯರು. ಪ್ರತಿ ತಾಲ್ಲೂಕಿಂದ ಒಬ್ಬಿಬ್ಬರು ಉಳುಮೆಯ ಜಮೀನುದಾರರು, ಪ್ರತಿ ಜಿಲ್ಲೆಯಿಂದ ಮೂರ್ನಾಲ್ಕು ಜನ ವ್ಯಾಪಾರಿಗಳು. ಭಾರತದ ಸಂಸ್ಥಾನಗಳಲ್ಲಿ ಇಂಥದ್ದು ಇದೇ ಮೊದಲು.

ಸಭೆಯ ಕ್ರಮ ಸರಳ. ದಿವಾನರು ಹೋದ ವರ್ಷ ಸರ್ಕಾರ ಏನು ಮಾಡ್ತು ಅಂತ ಲೆಕ್ಕ ಒಪ್ಪಿಸ್ತಾರೆ. ಆಮೇಲೆ ಪ್ರತಿನಿಧಿಗಳು ತಮ್ಮ ತಮ್ಮ ಕಡೆಯ ಅಹವಾಲು ಹೇಳ್ತಾರೆ. ರಸ್ತೆ, ಕೆರೆ, ಕಂದಾಯ, ಕಾಡಿನ ಕಾನೂನು, ಶಾಲೆ, ಹೀಗೆ. ಸರ್ಕಾರ ಆಗುತ್ತೆ ಅಥವಾ ಆಗಲ್ಲ ಅಂತ ಹೇಳುತ್ತೆ. ಆ ನಡಾವಳಿಗಳು ಅಚ್ಚಾಗ್ತಿದ್ವು.

ಕಳೆದ ಶತಮಾನ ಶುರುವಾಗೋ ಹೊತ್ತಿನ ನಕ್ಷೆ ನೋಡಿ. ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆ. ಜಗಳೂರು ಚಿತ್ರದುರ್ಗ ಜಿಲ್ಲೆ. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿನ ಊರು. ಈ ಸೀಮೆಯೆಲ್ಲ ಆ ಸಭೆಯ ವ್ಯಾಪ್ತಿ ಒಳಗೇ ಬಂತು.

ಬಸವಾಪಟ್ಟಣದ ಕೂಟಕ್ಕೂ ಈ ಸಭೆಗೂ ಮಧ್ಯ 51 ವರ್ಷ. ಕೂಟದಲ್ಲಿ ರೈತ ಕಂದಾಯ ನಿಲ್ಲಿಸಿ ಮಾತಾಡಿದ. ಸಭೇಲಿ ಕಂದಾಯ ಕಟ್ತಾನೇ ಮಾತಾಡಬಹುದಾಗಿತ್ತು. ಇದು ಸಣ್ಣ ಬದಲಾವಣೆ ಅಲ್ಲ. ದೂರು ಹೇಳಿದ್ರೆ ರಾಜದ್ರೋಹ ಅನ್ನೋ ಕಾಲ ಹೋಗಿ, ದೂರು ಕೇಳೋದೂ ಆಡಳಿತದ ಒಂದು ಕೆಲಸ ಅನ್ನೋ ಕಾಲ ಬಂತು.

ಇವತ್ತು ನೀವು ತಾಲ್ಲೂಕು ಆಫೀಸಿನ ಜನಸ್ಪಂದನ ಸಭೇಲಿ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಕೇಳ್ತೀರಲ್ಲ, ಆ ಅಭ್ಯಾಸದ ಒಂದು ಹಳೇ ಬೇರು ಇಲ್ಲಿದೆ.

ಭಾಗ 5/10

ಆದ್ರೆ ಮೊದಲ ಪ್ರಶ್ನೆ ಮರೀಬೇಡಿ. ಮಾತಾಡೋಕೆ ಯಾರಿಗೆ ಅವಕಾಶ?

1881ರ ಪ್ರತಿನಿಧಿಗಳನ್ನ ಜನ ಆರಿಸಿ ಕಳಿಸಿದ್ದಲ್ಲ. ಸ್ಥಳೀಯ ನಿಧಿ ಮಂಡಳಿಗಳು ಹೆಸರು ಸೂಚಿಸಿದ್ವು. 1891ರ ಹೊತ್ತಿಗೆ ಚುನಾವಣೆ ಬಂತು. ಆದ್ರೆ ಓಟು ಇದ್ದಿದ್ದು ನಿಗದಿತ ಮೊತ್ತದ ಕಂದಾಯ ಕಟ್ಟೋರಿಗೆ, ಪದವೀಧರರಿಗೆ, ಇಂಥ ಕೆಲವರಿಗೆ. ಕೂಲಿ ಮಾಡೋರು, ಗೇಣಿದಾರರು, ಊರಾಚೆ ಕೇರಿಯೋರು ಇದರಲ್ಲಿ ಬರಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ.

ಇದರ ಪರಿಣಾಮ ಅರ್ಥ ಮಾಡ್ಕೊಳ್ಳಿ. ಜಮೀನಿದ್ದೋರು ಮಾತ್ರ ಮಾತಾಡೋ ಸಭೇಲಿ 'ತಾಲ್ಲೂಕಿನ ಅಭಿಪ್ರಾಯ' ಅಂದ್ರೆ ಜಮೀನಿನ ಅಭಿಪ್ರಾಯ. ನೀರು ಹೊರೋ ಹೆಂಗಸಿಗೆ ಬಾವಿ ಎಷ್ಟು ದೂರ ಅನ್ನೋದು ಯಾರ ಅಹವಾಲಿನ ಮೊದಲ ಸಾಲಲ್ಲೂ ಬರೋಕೆ ಸಾಧ್ಯ ಇರ್ಲಿಲ್ಲ. ಊರಿನ ಬಾವಿ ಹತ್ರ ಹೋಗೋಕೇ ಬಿಡದಿದ್ದ ಕೇರಿಯ ಕಷ್ಟ ಬರೋದಂತೂ ದೂರದ ಮಾತು.

ಅಧಿಕಾರವೂ ಕಮ್ಮಿ. ಸಭೆ ಕೇಳಬಹುದಿತ್ತು, ಸರ್ಕಾರ ಒಪ್ಪಲೇಬೇಕು ಅಂತ ಇರ್ಲಿಲ್ಲ. ಶುರುವಲ್ಲಿ ಈ ಸಭೆ ಇದ್ದಿದ್ದೇ ಸರ್ಕಾರಿ ಆದೇಶದ ಮೇಲೆ. 1923ರಲ್ಲಿ ಅದಕ್ಕೆ ಕಾಯ್ದೆಯ ಬಲ ಬಂತು. ಹೊಸ ತೆರಿಗೆ ಹಾಕೋ ಮುಂಚೆ, ಹೊಸ ಕಾನೂನು ತರೋ ಮುಂಚೆ ಸಭೆಯ ಅಭಿಪ್ರಾಯ ಕೇಳ್ಬೇಕು ಅಂತಾಯ್ತು. ಹೆಂಗಸು ಅನ್ನೋ ಕಾರಣಕ್ಕೆ ಓಟು ಇಲ್ಲ ಅನ್ನೋ ನಿಯಮವೂ ಹೋಯ್ತು, ಆಸ್ತಿಯ ಷರತ್ತು ಮಾತ್ರ ಉಳೀತು.

ಸ್ವಾತಂತ್ರ್ಯ ಬಂತು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ಮುಗೀತು. 1950ರ ಸಂವಿಧಾನ ವಯಸ್ಕರೆಲ್ಲರಿಗೂ ಓಟು ಕೊಡ್ತು. ಕಂದಾಯ ಎಷ್ಟು ಕಟ್ತೀಯಾ ಅಂತ ಯಾರೂ ಕೇಳೋ ಹಾಗಿಲ್ಲ. ಮೊದಲ ಪ್ರಶ್ನೆಗೆ ಕೊನೆಗೂ ಪೂರ್ತಿ ಉತ್ತರ ಸಿಕ್ತು, ಕಾಗದದ ಮೇಲೆ.

ಆದ್ರೆ ಐದು ವರ್ಷಕ್ಕೊಮ್ಮೆ ಓಟು ಹಾಕೋದು ಬೇರೆ, ನಮ್ಮೂರ ನಲ್ಲಿ ಬಗ್ಗೆ ಇವತ್ತು ಮಾತಾಡೋದು ಬೇರೆ.

ಭಾಗ 6/10

ಈ ಭಾಗ ನೀರಿನ ಬಗ್ಗೆ, ಒಬ್ಬ ಮಂತ್ರಿ ಬಗ್ಗೆ.

1959ರ ಕಾಯ್ದೆ ಪ್ರಕಾರ ನಮ್ಮಲ್ಲಿ ಗ್ರಾಮ ಪಂಚಾಯಿತಿ, ತಾಲ್ಲೂಕು ಬೋರ್ಡ್, ಜಿಲ್ಲಾ ಅಭಿವೃದ್ಧಿ ಪರಿಷತ್ತು ಇದ್ವು. ನಿಮ್ಮ ತಾತ "ತಾಲ್ಲೂಕು ಬೋರ್ಡ್ ಮೆಂಬರ್" ಅಂತ ಯಾರ ಬಗ್ಗೆಯಾದ್ರೂ ಹೇಳಿದ್ರೆ ಅದು ಈ ಕಾಲದ್ದು. ಆದ್ರೆ ದುಡ್ಡು, ಅಧಿಕಾರ ಎಲ್ಲಾ ಇಲಾಖೆಗಳ ಕೈಲೇ.

1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಬಂತು. ಗ್ರಾಮೀಣಾಭಿವೃದ್ಧಿ, ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಬರದ ಕಾಲದಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್, ಕೈಪಂಪು ಹಾಕಿಸಿದ್ರು. ಜನ ಅವರನ್ನ 'ನೀರ್ ಸಾಬ್' ಅಂತಲೇ ಕರೆದ್ರು. ಊರಲ್ಲಿ ಹಳೇ ಬೋರಿನ ಕೈಪಂಪು ಇನ್ನೂ ಇದ್ರೆ ಹಿರಿಯರನ್ನ ಕೇಳಿ, ಯಾವ ಕಾಲದ್ದು ಅಂತ ಹೇಳ್ತಾರೆ.

ನೀರಿಗಿಂತ ದೊಡ್ಡ ಕೆಲಸ ಅವರ ಕಾಯ್ದೆ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಅನ್ನೋ ಹೊಸ ವ್ಯವಸ್ಥೆ. ಚುನಾವಣೆ ನಡೆದಿದ್ದು 1987ರ ಜನವರೀಲಿ. ರಾಜ್ಯದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲಗಳು. ಹೆಂಗಸರಿಗೆ ಶೇ 25 ಸ್ಥಾನ ಮೀಸಲು. ಇಡೀ ದೇಶಕ್ಕೆ ಮೂರನೇ ಒಂದು ಭಾಗದ ಮೀಸಲಾತಿ ತಂದ 73ನೇ ತಿದ್ದುಪಡಿಗೆ ಐದಾರು ವರ್ಷ ಮುಂಚಿನ ಮಾತಿದು.

ಶಾಲೆ, ಆಸ್ಪತ್ರೆ, ರಸ್ತೆ, ನೀರು, ಇವೆಲ್ಲ ಬೆಂಗಳೂರಿನ ಕಡತದಿಂದ ಜಿಲ್ಲೆಗೆ ಇಳಿದ್ವು. ಮೇಷ್ಟ್ರು ಬರ್ತಿಲ್ಲ, ಡಾಕ್ಟರ್ ಸಿಗ್ತಿಲ್ಲ ಅಂತ ಹೇಳೋಕೆ ಜನರಿಗೆ ಹತ್ತಿರದಲ್ಲೇ ಒಬ್ಬ ಆರಿಸಿದ ಮನುಷ್ಯ ಸಿಕ್ಕ. ದೂರು ಕೇಳೋನು ಮತ್ತೆ ಓಟಿಗೆ ಬರ್ಲೇಬೇಕಾದೋನು. ಇಲ್ಲಿ ಮೂರನೇ ಪ್ರಶ್ನೆ, 'ಉತ್ತರ ಕೊಡ್ಬೇಕಾ?' ಅನ್ನೋದು, ಮೊದಲ ಸಲ ಗಟ್ಟಿ ನೆಲಕ್ಕೆ ಬಂತು.

ನಜೀರ್ ಸಾಬ್ 1988ರ ಅಕ್ಟೋಬರ್‌ನಲ್ಲಿ ತೀರ್ಕೊಂಡ್ರು. ಅವರ ಕಾಯ್ದೆಯ ಜಾಗಕ್ಕೆ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂತು. ಈಗ ನಾವಿರೋದು ಅದರ ಕೆಳಗೆ.

ಭಾಗ 7/10

ದೂರ ಅನ್ನೋದೂ ಒಂದು ದೂರು.

1997ರ ಆಗಸ್ಟ್ 15ರ ಮುಂಚೆ ಹೊನ್ನಾಳಿ, ಚನ್ನಗಿರಿಯವರಿಗೆ ಡಿ.ಸಿ. ಆಫೀಸು ಶಿವಮೊಗ್ಗದಲ್ಲಿ. ಜಗಳೂರಿನವರಿಗೆ ಚಿತ್ರದುರ್ಗದಲ್ಲಿ. ಅವತ್ತು ದಾವಣಗೆರೆ ಜಿಲ್ಲೆ ಆಯ್ತು. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲ್. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, ಲೋಕಸಭೇಲಿ ಕನ್ನಡದಲ್ಲಿ ಮಾತಾಡಿ ಹೆಸರಾದವರು. ಅದೇ ವರ್ಷ ರಾಜ್ಯದಲ್ಲಿ ಒಟ್ಟು ಏಳು ಹೊಸ ಜಿಲ್ಲೆ ಆದ್ವು.

ಹೀಗೆ ಶಿವಮೊಗ್ಗದ ಹಸಿರು ತಾಲ್ಲೂಕುಗಳು, ಚಿತ್ರದುರ್ಗದ ಬಯಲು ತಾಲ್ಲೂಕುಗಳು ಒಂದೇ ಮನೆಗೆ ಬಂದ್ವು. ಬಳ್ಳಾರಿಯಿಂದ ಬಂದಿದ್ದ ಹರಪನಹಳ್ಳಿ 2018ರಲ್ಲಿ ವಾಪಸ್ ಹೋಯ್ತು. 371(ಜೆ) ಸೌಲಭ್ಯ ಬೇಕು ಅನ್ನೋ ಅಲ್ಲಿನ ಜನರ ಬೇಡಿಕೆ ಅದರ ಹಿಂದಿತ್ತು.

ನ್ಯಾಮತಿಯದ್ದು ಇನ್ನೊಂದು ತರ. 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಪಹಣಿ, ಪೋಡಿ, ಜಾತಿ ಪ್ರಮಾಣಪತ್ರ ಅಂತ ತಾಲ್ಲೂಕು ಕೆಲಸಕ್ಕೆ ಹೊನ್ನಾಳಿಗೆ ಹೋಗೋದು ತಪ್ಪಬೇಕು ಅನ್ನೋದೇ ಇದರ ಅರ್ಥ. ಆದ್ರೂ ನಕ್ಷೆ ನೋಡಿ, ನ್ಯಾಮತಿಗೆ ಶಿವಮೊಗ್ಗ ಹತ್ತಿರ, ತನ್ನದೇ ಜಿಲ್ಲಾ ಕೇಂದ್ರ ದಾವಣಗೆರೆ ದೂರ.

ಇನ್ನೊಂದು ಲೆಕ್ಕ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನ 35 ಸೂಚಕಗಳಿಂದ ಅಳೀತು. 114 ಹಿಂದುಳಿದವು ಅಂತ ಬಂತು. ಜಗಳೂರು, ಹೊನ್ನಾಳಿ 'ಅತಿ ಹಿಂದುಳಿದ' ಪಟ್ಟೀಲಿ. ನಾಲೆ, ಕೆರೆ, ಅಡಿಕೆ ಇರೋ ಚನ್ನಗಿರಿ ಎಲ್ಲಿ? ಅದಕ್ಕಿಂತ ಕೆಳಗಿನ 'ಅತ್ಯಂತ ಹಿಂದುಳಿದ' ಪಟ್ಟೀಲಿ.

ಆಶ್ಚರ್ಯ ಆಯ್ತಲ್ಲ? ತೋಟ ಹಸಿರಾಗಿದ್ರೆ ಸಾಕಾಗಲ್ಲ. ಆಸ್ಪತ್ರೆ, ಶಾಲೆ, ರಸ್ತೆ, ಬ್ಯಾಂಕು, ಇವೂ ಲೆಕ್ಕಕ್ಕೆ ಬರುತ್ವೆ. ದಾರೀಲಿ ಹೋಗೋರ ಕಣ್ಣಿಗೆ ಇದು ಕಾಣಲ್ಲ. ಅಲ್ಲೇ ಇರೋರಿಗೆ ಗೊತ್ತಿರುತ್ತೆ.

ಭಾಗ 8/10

ಅಂಕಿ ಅಂಶ ತಾಲ್ಲೂಕನ್ನ ಅಳೀತು. ಜನ ಆಫೀಸನ್ನ ಅಳೆದ್ರೆ?

1994ರಲ್ಲಿ ಬೆಂಗಳೂರಲ್ಲಿ ಸ್ಯಾಮ್ಯುಯೆಲ್ ಪಾಲ್ ಅನ್ನೋರ ತಂಡ ಇದನ್ನ ಮಾಡ್ತು. ನೀರು, ಕರೆಂಟು, ಫೋನು, ಪಾಲಿಕೆ, ಹೀಗೆ ಒಂದೊಂದು ಸೇವೆಗೂ ನಿವಾಸಿಗಳು ಅಂಕ ಕೊಟ್ರು. ಶಾಲೇಲಿ ನಮಗೆ ಕೊಡೋ ಪ್ರಗತಿ ಪತ್ರ ಇದೆಯಲ್ಲ, ಅದೇ ತರ. ಮೊದಲ ಸಲ ಬಹುತೇಕ ಆಫೀಸುಗಳಿಗೆ ಬಂದಿದ್ದು ಬಹಳ ಕಮ್ಮಿ ಅಂಕ. 1999ರಲ್ಲಿ, 2003ರಲ್ಲಿ ಮತ್ತೆ ಅಳೆದ್ರು. 2003ರ ಹೊತ್ತಿಗೆ ಅಂಕ ಏರಿತ್ತು. ಪಬ್ಲಿಕ್ ಅಫೇರ್ಸ್ ಸೆಂಟರ್ ಹುಟ್ಟಿದ್ದು ಈ ಕೆಲಸದಿಂದ. ಫಿಲಿಪೈನ್ಸ್, ಉಗಾಂಡದಂಥ ದೇಶಗಳಲ್ಲೂ ಈ ತರದ ಪ್ರಗತಿ ಪತ್ರ ಬಂತು.

ಇದರಿಂದ ಕಲೀಬೇಕಾದ್ದು: ಒಬ್ಬರು ಗೊಣಗಿದ್ರೆ ಅದು ಗೊಣಗಾಟ. ಸಾವಿರ ಜನ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟು, ಅದನ್ನ ಎಣಿಸಿ, ಪತ್ರಿಕೇಲಿ ಹಾಕಿದ್ರೆ ಆಫೀಸಿನವರು ಕೂತ್ಕೊಂಡು ಓದ್ತಾರೆ.

ಸರ್ಕಾರ ತಾನೇ ಮಾಡಿದ್ದು ಸಕಾಲ. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ಇಡೀ ರಾಜ್ಯಕ್ಕೆ. ಅರ್ಜಿ ಕೊಟ್ರೆ ಒಂದು ಸಂಖ್ಯೆ ಸಿಗುತ್ತೆ, ಇಷ್ಟು ದಿನದಲ್ಲಿ ಕೆಲಸ ಆಗ್ಬೇಕು ಅಂತ ಗಡುವು ಇರುತ್ತೆ. ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ದುಡ್ಡು ಸಣ್ಣದು. ಆದ್ರೆ 1830ರ ಶರ್ತು ನೆನಪು ಮಾಡ್ಕೊಳ್ಳಿ. ಆಗ ಅಧಿಕಾರಿ ಸರ್ಕಾರಕ್ಕೆ ಬರ್ಕೊಡ್ತಿದ್ದ, ಹೊರೆ ರೈತನ ಮೇಲೆ. ಸಕಾಲದಲ್ಲಿ ಅಧಿಕಾರಿ ಅರ್ಜಿದಾರನಿಗೆ ಗಡುವು ಕೊಡ್ತಾನೆ, ದಂಡ ಅಧಿಕಾರಿ ಮೇಲೆ. ಹಗ್ಗ ತಿರುಗಿದೆ.

ಆದ್ರೆ ಸಕಾಲ ಒಬ್ಬೊಬ್ಬರ ಅರ್ಜಿಗೆ. ನನ್ನ ಪಹಣಿ, ನಿಮ್ಮ ಖಾತೆ. ಊರಿಗೆ ಮೊದಲು ಕೆರೆಯೋ, ಆಸ್ಪತ್ರೆಯೋ ಅಂತ ಯಾವ ಅರ್ಜಿ ನಮೂನೇಲೂ ಕೇಳಲ್ಲ. ಅದಕ್ಕೆ ಜನ ಒಟ್ಟಿಗೆ ಕೂತು ಮಾತಾಡೋ ಜಾಗ ಬೇಕು.

ಭಾಗ 9/10

ಆ ಜಾಗ ಯಾಕೆ ಬೇಕು ಅನ್ನೋದಕ್ಕೆ ಭದ್ರೆಗಿಂತ ಒಳ್ಳೆ ಉದಾಹರಣೆ ಇಲ್ಲ.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನಾಲೆ ನೀರು ನಮ್ಮ ಜಿಲ್ಲೆಯ ಭತ್ತ, ಅಡಿಕೆಗೆ ಜೀವ. ಜಗಳೂರು ಆ ಹಳೇ ನಾಲೆಯ ಆಚೆ ಉಳೀತು. ಭದ್ರಾ ಮೇಲ್ದಂಡೆ ಯೋಜನೆ ಅಂತ ಈಗ ನಡೀತಿರೋದು 29.9 ಟಿಎಂಸಿ ನೀರನ್ನ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರಿನ ಒಣ ಸೀಮೆಗೆ, ನಮ್ಮ ಜಗಳೂರಿಗೆ ಒಯ್ಯೋಕೆ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆ ಆಯ್ತು. ಇದರ ಜೊತೆಗೆ ಹರಿಹರದ ಕಡೆ ದೀಟೂರಿನ ಹತ್ರ ತುಂಗಭದ್ರೆ ನೀರೆತ್ತಿ ಜಗಳೂರು ಭಾಗದ 57 ಕೆರೆ ತುಂಬಿಸೋ ಯೋಜನೆ. ಸಿರಿಗೆರೆ ತರಳಬಾಳು ಶ್ರೀಗಳು, ರೈತರು ವರ್ಷಗಟ್ಟಲೆ ಬೆನ್ನು ಹತ್ತಿ ಮಾಡಿಸಿದ್ದು ಅದು.

ಇನ್ನೊಂದು ಕಡೆ, 2025ರ ಜೂನ್‌ನಲ್ಲಿ ದಾವಣಗೆರೆ ಜಿಲ್ಲೆಯ ಅಚ್ಚುಕಟ್ಟು ರೈತರು ಬೀದಿಗೆ ಇಳಿದ್ರು. ಭದ್ರಾ ಬಲದಂಡೆ ನಾಲೆ ಒಡೆದು ಬೇರೆ ತಾಲ್ಲೂಕುಗಳ ಕುಡಿಯೋ ನೀರಿನ ಯೋಜನೆಗೆ ನೀರು ಒಯ್ಯಬಾರದು, ಕೊನೆ ಭಾಗಕ್ಕೆ ಈಗಲೇ ನೀರು ಸಾಲ್ತಿಲ್ಲ ಅಂತ.

ಒಣ ಸೀಮೆಯವರು ಭದ್ರೆ ನಮಗೂ ಬೇಕು ಅಂತಾರೆ, ನಾಲೆ ಸೀಮೆಯವರು ಇದ್ದಿದ್ದೂ ಹೋಗುತ್ತೆ ಅಂತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಂಚಿಕೆ ಬಗ್ಗೆ ಇವರಿಬ್ಬರೂ ಎದುರಾಬದುರು ಕೂತು ಮಾತಾಡೋಕೆ ಜಿಲ್ಲೇಲಿ ಒಂದು ಆರಿಸಿದ ಮನೆ ಇರ್ಬೇಕು. ಅದೇ ಜಿಲ್ಲಾ ಪಂಚಾಯಿತಿ.

2016ರಲ್ಲಿ ಗೆದ್ದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗೀತು. ಅವಧಿ ಮುಗಿಯೋ ಮುಂಚೆ ಚುನಾವಣೆ ಆಗ್ಬೇಕು ಅಂತ ಸಂವಿಧಾನ ಹೇಳುತ್ತೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ 2025 ಕೂಡ ಚುನಾವಣೆ ಇಲ್ಲದೆ ಕಳೀತು. ಅಷ್ಟು ವರ್ಷ ಆ ಕುರ್ಚಿಗಳಲ್ಲಿ ಜನ ಆರಿಸಿದೋರು ಯಾರೂ ಇರ್ಲಿಲ್ಲ, ನಡೆಸಿದ್ದು ಆಡಳಿತಾಧಿಕಾರಿಗಳು. ಒಬ್ಬ ಅಧಿಕಾರಿ ಎಷ್ಟೇ ಒಳ್ಳೆಯವರಾಗಿರ್ಲಿ, ಜಗಳೂರಿನ ಪರವಾಗಿ ಚನ್ನಗಿರಿಯವರ ಜೊತೆ ವಾದ ಮಾಡೋದು ಅವರ ಕೆಲಸ ಅಲ್ಲ. ಮಾತಾಡೋ ಜಾಗ ಮುಚ್ಚಿದ್ರೆ ಮಾತು ಬೀದಿಗೆ ಬರುತ್ತೆ. 1830ರಲ್ಲೂ ಹಾಗೇ ಆಗಿದ್ದು.

ಭಾಗ 10/10

ಹಾಗಾದ್ರೆ ಈಗ ತೆರೆದಿರೋ ಬಾಗಿಲು ಯಾವುದು? ಗ್ರಾಮಸಭೆ.

ಪ್ರಜಾಪ್ರತಿನಿಧಿ ಸಭೆಗೆ ಹೋಗೋಕೆ ಜಮೀನು ಬೇಕಿತ್ತು. ಗ್ರಾಮಸಭೆಗೆ ಮತದಾರರ ಪಟ್ಟೀಲಿ ಹೆಸರಿದ್ರೆ ಸಾಕು, ನೀವೇ ಸದಸ್ಯರು. ಯಾರೂ ನಿಮ್ಮನ್ನ ಆರಿಸಬೇಕಿಲ್ಲ. ಆರು ತಿಂಗಳಿಗೆ ಒಮ್ಮೆಯಾದ್ರೂ ಸಭೆ ಸೇರ್ಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ. ಊರಿನ ಕಾಮಗಾರಿ ಪಟ್ಟಿ, ಮನೆ ಕೊಡೋ ಫಲಾನುಭವಿಗಳ ಪಟ್ಟಿ, ಉದ್ಯೋಗ ಖಾತ್ರಿ ಕೆಲಸಗಳ ಪಟ್ಟಿ ಚರ್ಚೆಗೆ ಬರೋದು ಇಲ್ಲೇ. ಕೋರಂ ಎಷ್ಟು? ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಮ್ಮಿಯೋ ಅಷ್ಟು.

ನೂರು ಜನ. ಸಾವಿರಾರು ಮಂದಿ ಇರೋ ಪಂಚಾಯಿತೀಲಿ ನೂರು ಜನ ಬಂದ್ರೆ ಊರಿನ ಅಭಿಪ್ರಾಯ ಅಂತ ಬರೆದಾಗುತ್ತೆ. ನೀವು ಬರದಿದ್ರೂ ನಿಮ್ಮೂರಿನ ಆದ್ಯತೆ ಪಟ್ಟಿ ತಯಾರಾಗುತ್ತೆ, ಬೇರೆಯವರ ಬಾಯಿಂದ. ಊರಾಚೆ ಕೇರಿಯ ನಲ್ಲಿ ಆ ಪಟ್ಟೀಲಿ ಎಷ್ಟನೇ ಸಾಲಲ್ಲಿದೆ, ಇದೆಯೋ ಇಲ್ವೋ ಅನ್ನೋದು ಅವತ್ತು ಅಲ್ಲಿ ಯಾರು ಕೂತಿದ್ರು ಅನ್ನೋದರ ಮೇಲೆ.

18 ಆಗಿಲ್ವಾ? ಮಕ್ಕಳ ಗ್ರಾಮಸಭೆ ಇದೆ. 1990ರ ದಶಕದಲ್ಲಿ ಕುಂದಾಪುರ ಕಡೆ ಮಕ್ಕಳ ಪಂಚಾಯಿತಿ ಅಂತ ಪ್ರಯೋಗ ನಡೆದಿತ್ತು. ಈಗ ರಾಜ್ಯದ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸ್ಬೇಕು. ಶಾಲೆ ಶೌಚಾಲಯ, ಬಸ್ಸಿನ ಟೈಮು, ದಾರಿ ದೀಪ, ಇವೆಲ್ಲ ಅಲ್ಲಿ ಕೇಳೋ ಪ್ರಶ್ನೆಗಳೇ. ಪಟ್ಟಣದೊಳಗೆ ಇರೋರಿಗೆ ಗ್ರಾಮಸಭೆ ಇಲ್ಲ, ನಿಮ್ಮ ವಾರ್ಡ್ ಕೌನ್ಸಿಲರ್‌ನ ಹಿಡೀರಿ.

ನಮ್ಮ ಕ್ಲಾಸಿನವರಿಗೆ, ಇತಿಹಾಸ ಓದೋ ಎಲ್ಲರಿಗೂ ಒಂದು ಕೆಲಸ. ನಿಮ್ಮ ಪಂಚಾಯಿತಿಗೆ ಹೋಗಿ ಹೋದ ಸಲದ ಗ್ರಾಮಸಭೆ ನಡಾವಳಿ ತೋರ್ಸಿ ಅಂತ ಪಿಡಿಒ ಅವರನ್ನ ಕೇಳಿ. ಕೊಡದಿದ್ರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದರಲ್ಲಿ ಮೂರು ವಿಷಯ ನೋಡಿ: ಯಾರ್ಯಾರ ಸಹಿ ಇದೆ, ಏನೇನು ಕೇಳಿದ್ದಾರೆ, ಹಿಂದಿನ ಸಭೇಲಿ ಕೇಳಿದ್ದಕ್ಕೆ ಏನು ಉತ್ತರ ಬಂದಿದೆ.

1833ರ ವರದಿ ಬಸವಾಪಟ್ಟಣದ ರೈತನ ಕೈಗೆ ಸಿಗ್ಲಿಲ್ಲ. ಈ ಪುಸ್ತಕ ನಿಮ್ಮ ಕೈಗೆ ಸಿಗುತ್ತೆ. ಮುಂದಿನ ಸಭೆ ಯಾವತ್ತು ಅಂತಲೂ ಅಲ್ಲೇ ಕೇಳ್ಕೊಂಡು ಬನ್ನಿ. ನಿಮ್ಮೂರಿಗೆ ಮೊದಲು ಏನಾಗ್ಬೇಕು ಅನ್ನೋದನ್ನ ಕಾಮೆಂಟಲ್ಲೂ ಬರೀರಿ, ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ. ಅಲ್ಲಿ ನಡಾವಳಿ ಬರೆಯೋರು ಯಾರೂ ಇರಲ್ಲ.

#ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು #ನಮ್ಮೂರಇತಿಹಾಸ #ಗ್ರಾಮಸಭೆ